ಅತ್ತಿಗೆಯ ನಿಪ್ಪಟ್ಟು, ನನ್ನ ಗ್ರಾಫ್

ಅತ್ತಿಗೆ ಆ ಪ್ರಶ್ನೆ ಕೇಳಿದ್ದು ಫೋನಿನಲ್ಲಿ, ರಾತ್ರಿ ಒಂಬತ್ತೂವರೆಗೆ. ಹಿಂದೆ ಬಾಣಲೆಯಲ್ಲಿ ಎಣ್ಣೆ ಚುರುಗುಡುವ ಸದ್ದು ಕೇಳಿಸ್ತಾ ಇತ್ತು.

"ಪುಟ್ಟಿ, ನೀನು ಕಳಿಸಿದ ಗ್ರಾಫ್ ನೋಡ್ದೆ. ಮುಂದಿನ ವರ್ಷ ಮೇ ತಿಂಗಳಿಗೆ 2,560 ಕೆಜಿ ಅಂತ ಇದೆಯಲ್ಲ, ದಿನಕ್ಕೆ ಎಷ್ಟಾಯ್ತು?"

"ಎಂಬತ್ತೈದು ಕೆಜಿ ಅತ್ತಿಗೆ."

"ಈಗ ನಾನು ದಿನಕ್ಕೆ ಐದು ಕೆಜಿ ಕರೀತೀನಿ. ಅಷ್ಟಕ್ಕೇ ಸೊಂಟ ಹಿಡ್ಕೊಳ್ಳುತ್ತೆ. ಎಂಬತ್ತೈದು ಕೆಜಿ ನಿಪ್ಪಟ್ಟು ಈ ಊರಲ್ಲಿ ಯಾರು ತಿಂತಾರೆ?"

"ಅದಕ್ಕೇ ತಾನೇ ಮೆಷಿನ್ ತಗೊಳ್ತಿರೋದು" ಅಂತ ನಕ್ಕುಬಿಟ್ಟೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಮೆಷಿನ್ ಮಾಡೋದು ನಿಪ್ಪಟ್ಟು ತಟ್ಟುವ ಕೆಲಸ. ತಿನ್ನೋರನ್ನ ಅದು ಮಾಡಿಕೊಡಲ್ಲ. ಅತ್ತಿಗೆ ಕೇಳಿದ್ದು ತಿನ್ನೋರ ವಿಷಯ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ. ಹಾಸನದಲ್ಲಿ ನಮ್ಮ ಅತ್ತಿಗೆ ಮನೆಯಲ್ಲೇ ನಿಪ್ಪಟ್ಟು, ಕೋಡುಬಳೆ, ಚಕ್ಲಿ ಮಾಡಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾರ್ತಾರೆ. ಕೈರುಚಿ ಚೆನ್ನಾಗಿದೆ, ಬೇಡಿಕೆ ಬೆಳೀತಾ ಹೋಯ್ತು. ಅಣ್ಣನಿಗೆ ಹುಮ್ಮಸ್ಸು ಬಂತು: ಒಂದು ಅಂಗಡಿ ಬಾಡಿಗೆಗೆ ಹಿಡಿಯೋದು, ಹಿಟ್ಟು ಕಲಸೋ ಮೆಷಿನ್, ತಟ್ಟೋ ಮೆಷಿನ್, ಪ್ಯಾಕಿಂಗ್ ಮೆಷಿನ್ ತರೋದು, ಎಲ್ಲಕ್ಕೂ ಸೇರಿ 15 ಲಕ್ಷ ಸಾಲ. ಅಮ್ಮನ ಹೆಸರಲ್ಲಿರೋ ಸೈಟನ್ನು ಅಡಮಾನ ಇಡೋದು. ಅಪ್ಪ ಇದ್ದಾಗ ಹೊಟ್ಟೆಬಟ್ಟೆ ಕಟ್ಟಿ ಕೊಂಡ 30-40 ಸೈಟು ಅದು. ಬ್ಯಾಂಕಿನವರು ಮುಂದಿನ ಒಂದು ವರ್ಷದ ಪ್ರೊಜೆಕ್ಷನ್ ಕೇಳಿದರು. ಬೆಂಗಳೂರಿನಲ್ಲಿ 'ಡೇಟಾದಲ್ಲಿ' ಕೆಲಸ ಮಾಡೋ ತಂಗಿ ಇರುವಾಗ ಬೇರೆಯವರ ಹತ್ತಿರ ಯಾಕೆ ಹೋಗ್ಬೇಕು?

ಅತ್ತಿಗೆಯ ನೋಟ್‌ಬುಕ್ಕಿನ ಫೋಟೋ ತರಿಸಿಕೊಂಡೆ. ನವೆಂಬರಿನಿಂದ ಮೇ ತನಕ ಏಳು ತಿಂಗಳ ಲೆಕ್ಕ, ಕೆಜಿಯಲ್ಲಿ: 40, 56, 73, 93, 113, 135, 158. ಆಫೀಸಿನಿಂದ ಬರುವ ಬಸ್ಸಿನಲ್ಲಿ ಕೂತು ಸ್ಪ್ರೆಡ್‌ಶೀಟಿಗೆ ಹಾಕಿದೆ. ಗ್ರಾಫ್ ಮೇಲಕ್ಕೆ ಬಾಗ್ತಾ ಏರ್ತಾ ಇತ್ತು. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದು ಟ್ರೆಂಡ್‌ಲೈನ್ ಪಟ್ಟಿಯಲ್ಲಿ 'ಎಕ್ಸ್‌ಪೊನೆನ್ಷಿಯಲ್' ಒತ್ತಿದೆ. ಆರ್ ಸ್ಕ್ವೇರ್ 0.98 ಅಂತ ಬಂತು. ಒಂದಕ್ಕೆ ಇಷ್ಟು ಹತ್ತಿರ ಅಂದ್ರೆ ಗೆರೆ ಚೆನ್ನಾಗಿ ಕೂತಿದೆ ಅಂತಲೇ ನಾವೆಲ್ಲ ಓದೋದು. ತಿಂಗಳಿಗೆ ಶೇ 25ರ ಬೆಳವಣಿಗೆ. ಅದೇ ಗೆರೆಯನ್ನು ಹನ್ನೆರಡು ತಿಂಗಳು ಮುಂದಕ್ಕೆ ಎಳೆದೆ, 2,560 ಬಂತು. ಬಣ್ಣ ಹಚ್ಚಿ, ಪಿಡಿಎಫ್ ಮಾಡಿ ಕಳಿಸಿದೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಅಣ್ಣ ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿ ಮೂರು ಚಪ್ಪಾಳೆ ಒತ್ತಿದ್ದ.

ಅತ್ತಿಗೆಯ ಪ್ರಶ್ನೆ ಕೇಳಿದ ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಮೊದಲು ಮಾಡಿದ್ದು ತೀರಾ ಸರಳ ಲೆಕ್ಕ. ಪ್ರತಿ ತಿಂಗಳನ್ನು ಹಿಂದಿನ ತಿಂಗಳಿಂದ ಭಾಗಿಸೋದು. 56ನ್ನು 40ರಿಂದ ಭಾಗಿಸಿದರೆ 1.40. ಆಮೇಲೆ 1.30, 1.27, 1.22, 1.19, ಕೊನೆಗೆ 1.17.

ಎಕ್ಸ್‌ಪೊನೆನ್ಷಿಯಲ್ ಅಂದರೆ ಏನು? ಪ್ರತಿ ತಿಂಗಳೂ ಒಂದೇ ಅನುಪಾತದಲ್ಲಿ ಬೆಳೆಯೋದು. ಚಕ್ರಬಡ್ಡಿ ಹಾಗೆ. ಶೇ 25 ಅಂದರೆ ಪ್ರತಿ ತಿಂಗಳೂ 1.25 ಬರಬೇಕು. ಇಲ್ಲಿ ಅನುಪಾತ ಒಂದು ಸಲಾನೂ ನಿಲ್ಲದೆ ಇಳೀತಾ ಇದೆ. ಕೆಜಿ ಏರ್ತಿದೆ, ಏರೋ ವೇಗ ಇಳೀತಿದೆ. ನಾನು 1.40 ಮತ್ತು 1.17ರ ನಡುವಿನ ಒಂದು ಸರಾಸರಿ ತಗೊಂಡು ಅದನ್ನ ಇಡೀ ಮುಂದಿನ ವರ್ಷಕ್ಕೆ ಬರೆದುಕೊಟ್ಟಿದ್ದೆ.

ಹಾಗಾದ್ರೆ 0.98 ಎಲ್ಲಿಂದ ಬಂತು? ಅಲ್ಲಿಗೆ ಹೋಗೋಕೆ ಲಾಗರಿದಮ್ ಬೇಕು. ಲೆಕ್ಕದ ವಿಷಯ ಬಂದರೆ ನಿಮ್ಮಲ್ಲಿ ಕೆಲವರು ಹೆಬ್ಬೆರಳು ಆಡಿಸಿ ಮುಂದೆ ಹೋಗ್ತೀರಿ ಅಂತ ಗೊತ್ತು. ಇವತ್ತು ಒಂದು ಐದು ನಿಮಿಷ ಕೂತುಕೊಳ್ಳಿ, ಸೈಟಿನ ಕಥೆ ಇನ್ನೂ ಮುಗಿದಿಲ್ಲ.

ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ ಹಿಡಿದು ಲಾಗ್ ಹುಡುಕಿದ್ದು ನೆನಪಿದೆಯಾ? ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಆ ಪುಸ್ತಕ ಮರೆತು ಬಂದ ಪಕ್ಕದವರಿಗೆ ಅರ್ಧ ಬಗ್ಗಿಸಿ ತೋರಿಸಿದ್ದು? ನಮಗೆ ಅದು ಗುಣಾಕಾರ ತಪ್ಪಿಸುವ ಉಪಾಯ ಅಷ್ಟೇ ಆಗಿತ್ತು. 2ರ ಲಾಗ್ 0.301, 3ರ ಲಾಗ್ 0.477. ಕೂಡಿದರೆ 0.778, ಅದು 6ರ ಲಾಗ್. ಗುಣಿಸೋದು ಕೂಡೋದಾಗಿ ಬದಲಾಗುತ್ತೆ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಈ ಕೋಷ್ಟಕ ಪ್ರಕಟಿಸಿದ್ದೇ ಅದಕ್ಕೆ. ಉದ್ದುದ್ದ ಗುಣಾಕಾರದಲ್ಲಿ ಸೊಂಟ ಮುರಿದುಕೊಳ್ತಿದ್ದ ಖಗೋಳದವರು ಅದನ್ನ ಕಣ್ಣಿಗೊತ್ತಿಕೊಂಡರು. ಹತ್ತನ್ನು ಆಧಾರವಾಗಿಟ್ಟ ಲಾಗ್, ಅಂದರೆ ನಾವು ಪಿಯುಸಿಯಲ್ಲಿ ಹುಡುಕಿದ್ದು, ಆಮೇಲೆ ಹೆನ್ರಿ ಬ್ರಿಗ್ಸ್ ಮಾಡಿಕೊಟ್ಟದ್ದು.

ಕ್ಯಾಲ್ಕುಲೇಟರ್ ಬಂದ ಮೇಲೆ ಆ ಉಪಯೋಗ ಹೋಯ್ತು. ಆದರೆ ಅದೇ ಗುಣದ ಇನ್ನೊಂದು ಉಪಯೋಗ ಉಳಿದಿದೆ. ಪ್ರತಿ ತಿಂಗಳೂ ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಬೆಳೆಯೋ ವಸ್ತುವಿನ ಲಾಗ್ ತೆಗೆದರೆ, ಆ ಲಾಗ್ ಪ್ರತಿ ತಿಂಗಳೂ ಒಂದೇ ಸಂಖ್ಯೆಯನ್ನು ಕೂಡುತ್ತಾ ಬೆಳೆಯುತ್ತೆ. ಒಂದೇ ಸಮ ಕೂಡುತ್ತಾ ಹೋಗೋದು ಗ್ರಾಫಿನಲ್ಲಿ ನೇರ ಗೆರೆ. ಬಾಗಿದ ಗೆರೆಗಳನ್ನು ನೋಡಿ ಇದು ಯಾವ ಜಾತಿಯ ಬಾಗು ಅಂತ ನಮ್ಮ ಕಣ್ಣು ಹೇಳಲಾರದು. ಎಲ್ಲ ಬಾಗುಗಳೂ ಒಂದೇ ಥರ ಕಾಣ್ತವೆ. ಗೆರೆ ನೇರ ಇದೆಯಾ ಇಲ್ಲವಾ ಅನ್ನೋದನ್ನ ಮಾತ್ರ ಕಣ್ಣು ಚೆನ್ನಾಗಿ ಹೇಳುತ್ತೆ. ಒಂದು ಸ್ಕೇಲ್ ಇಟ್ಟರೆ ಸಾಕು.

ಹಾಗಾಗಿ ಸ್ಕೇಲ್ ಇಟ್ಟೆ. ಏಳೂ ಸಂಖ್ಯೆಗಳ ಲಾಗ್: 1.602, 1.748, 1.863, 1.968, 2.053, 2.130, 2.199. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಲಾಗ್. ಪರದೆ ಬೇಡ ಅಂತ ಗ್ರಾಫ್ ಶೀಟಿನಲ್ಲೇ ಪೆನ್ಸಿಲ್ ಹಿಡಿದು ಹಾಕಿದೆ. ನಡುವೆ ಹಾದುಹೋಗುವ ಒಳ್ಳೆಯ ಗೆರೆ ಎಳೆದು ನೋಡಿದರೆ, ಮೊದಲ ಚುಕ್ಕಿ ಗೆರೆಯ ಕೆಳಗೆ, ನಡುವಿನವು ಗೆರೆಯ ಮೇಲೆ, ಕೊನೆಯದು ಮತ್ತೆ ಕೆಳಗೆ. ಬಿಲ್ಲಿನ ಹಾಗೆ. ಕೆಜಿಯಲ್ಲಿ ಹೇಳೋದಾದರೆ ನವೆಂಬರಿಗೆ ಗೆರೆ ಹೇಳಿದ್ದು 44, ಬಂದದ್ದು 40. ಫೆಬ್ರವರಿಗೆ ಹೇಳಿದ್ದು 87, ಬಂದದ್ದು 93. ಮೇಗೆ ಹೇಳಿದ್ದು 170, ಬಂದದ್ದು 158.

ಈ ವ್ಯತ್ಯಾಸಗಳೆಲ್ಲ ಸಣ್ಣವು, ಅದಕ್ಕೇ ಆರ್ ಸ್ಕ್ವೇರ್ 0.98. ಆ ಸಂಖ್ಯೆ ನೋಡೋದು ತಪ್ಪು ಎಷ್ಟು ದೊಡ್ಡದು ಅಂತ ಮಾತ್ರ. ತಪ್ಪುಗಳು ಸಾಲಾಗಿ ನಿಂತು ಏನು ಹೇಳ್ತಿವೆ ಅಂತ ಅದು ನೋಡಲ್ಲ. ನಿಜವಾದ ಏರಿಳಿತ ಆಗಿದ್ದರೆ ಚುಕ್ಕಿಗಳು ಗೆರೆಯ ಆಚೆಈಚೆ ಹೇಗೆಂದರೆ ಹಾಗೆ ಚೆದುರಬೇಕಿತ್ತು. ಕೆಳಗೆ, ಮೇಲೆ, ಕೆಳಗೆ ಅಂತ ಶಿಸ್ತಾಗಿ ಬಾಗಿದರೆ ಅರ್ಥ ಒಂದೇ: ಗೆರೆಯ ಜಾತಿಯೇ ತಪ್ಪು. ಕೊನೆಯ ಚುಕ್ಕಿಯಲ್ಲಿ 12 ಕೆಜಿ ಇರೋ ಈ ತಪ್ಪು ಹನ್ನೆರಡು ತಿಂಗಳು ಮುಂದಕ್ಕೆ ಹೋದರೆ 12 ಆಗೇ ಇರಲ್ಲ.

ಜಾತಿ ತಪ್ಪಾದರೆ ಸರಿಯಾದ ಜಾತಿ ಯಾವುದು? ಬಾಗಿ ಏರುವ ಇನ್ನೊಂದು ದೊಡ್ಡ ಕುಟುಂಬ ಇದೆ, ಪವರ್ ಲಾ. ಚೌಕದ ಬದಿ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಘನದ ಬದಿ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಇಲ್ಲಿ ಕಾಲ ಮೇಲೆ ಘಾತವಾಗಿ ಕೂತಿರಲ್ಲ. ಕಾಲದ ಮೇಲೆಯೇ ಒಂದು ನಿಗದಿ ಘಾತ ಕೂತಿರುತ್ತೆ. ಮಾತಿನಲ್ಲಿ ಕೊಂಚ ವ್ಯತ್ಯಾಸ, ಫಲದಲ್ಲಿ ಆಕಾಶ ಭೂಮಿ. ಇದನ್ನ ನೇರ ಮಾಡಬೇಕಾದರೆ ಎರಡೂ ಕಡೆ ಲಾಗ್ ತೆಗೀಬೇಕು, ಅಡ್ಡಕ್ಕೂ ಉದ್ದಕ್ಕೂ. ಆಗ ಬರುವ ಗೆರೆಯ ಸ್ಲೋಪೇ ಆ ಘಾತ.

ಇದರ ಅತಿ ಸೊಗಸಾದ ಉದಾಹರಣೆ ನಮ್ಮ ತಲೆಯ ಮೇಲೆಯೇ ಸುತ್ತುತ್ತಾ ಇದೆ. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಅಂದುಕೊಳ್ಳಿ, ನಮ್ಮ ವರ್ಷವನ್ನು 1 ಅಂದುಕೊಳ್ಳಿ. ಮಂಗಳನ ದೂರ 1.524, ಅದರ ಒಂದು ಸುತ್ತಿಗೆ 1.881 ವರ್ಷ. ಗುರು 5.20 ದೂರದಲ್ಲಿ, 11.86 ವರ್ಷ. ಶನಿ 9.54 ದೂರದಲ್ಲಿ, 29.46 ವರ್ಷ. ಹೀಗೆ ಓದಿದರೆ ತಲೆಬುಡ ಇಲ್ಲ. ಲಾಗ್ ತೆಗೆಯಿರಿ. ಮಂಗಳ: 0.183 ಮತ್ತು 0.274. ಗುರು: 0.716 ಮತ್ತು 1.074. ಶನಿ: 0.980 ಮತ್ತು 1.469. ಭೂಮಿ: ಸೊನ್ನೆ, ಸೊನ್ನೆ. ಯಾವ ಗ್ರಹ ತಗೊಂಡರೂ ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟು. ಗ್ರಾಫ್ ಹಾಕಿದರೆ ಸ್ಕೇಲಿಗೆ ಅಂಟಿಕೊಂಡ ಹಾಗೆ ನೇರ ಗೆರೆ, ಸ್ಲೋಪ್ 1.5. ಯೊಹಾನೆಸ್ ಕೆಪ್ಲರ್ 1618ರಲ್ಲಿ ಕಂಡುಕೊಂಡು ಮಾರನೆಯ ವರ್ಷ ಪ್ರಕಟಿಸಿದ ಮೂರನೇ ನಿಯಮ ಇದೇ: ಕಾಲದ ವರ್ಗ ದೂರದ ಘನಕ್ಕೆ ಸಮಾನುಪಾತ. ಆತನಿಗೆ ಲಾಗ್ ಮೇಲೆ ಎಷ್ಟು ಪ್ರೀತಿ ಅಂದರೆ, 1627ರ ರುಡಾಲ್ಫೈನ್ ಕೋಷ್ಟಕಗಳಲ್ಲಿ ಲಾಗ್ ಪಟ್ಟಿಯನ್ನೂ ಸೇರಿಸಿಬಿಟ್ಟ. ಆತ ವರ್ಷಗಟ್ಟಲೆ ತಡಕಾಡಿ ಹಿಡಿದ ಆ ಒಂದೂವರೆಯನ್ನ ಇವತ್ತು ಬಸ್ಸಿನಲ್ಲಿ ಕೂತು ಎರಡು ಕಾಲಮ್ಮಿನಲ್ಲಿ ನೋಡಬಹುದು. ನಾನು ಮೊದಲ ಸಲ ಮಾಡಿ ನೋಡಿದಾಗ ಮೈ ಜುಮ್ಮೆಂದಿತ್ತು. ಮನಸ್ಸಾದರೆ ಶುಕ್ರನನ್ನು ನೀವೇ ಹಾಕಿ ನೋಡಿ: ದೂರ 0.723, ಕಾಲ 0.615. ಎರಡೂ ಲಾಗ್ ಋಣ ಬರ್ತವೆ, ಹೆದರಬೇಡಿ, ಭಾಗಿಸಿದರೆ ಅದೇ ಒಂದೂವರೆ.

ಸರಿ, ಗ್ರಹದಿಂದ ಬಾಣಲೆಗೆ ಬರೋಣ.

ಅತ್ತಿಗೆಯ ಲೆಕ್ಕಕ್ಕೂ ಎರಡೂ ಕಡೆ ಲಾಗ್ ತೆಗೆದೆ. ನವೆಂಬರ್ 1, ಡಿಸೆಂಬರ್ 2, ಹೀಗೆ ಮೇ 7. ಗೆರೆ ನೇರ ಬರಲಿಲ್ಲ! ಈ ಸಲ ಬಿಲ್ಲು ಮತ್ತೊಂದು ಕಡೆಗೆ ಬಾಗಿತ್ತು. ರಾತ್ರಿ ಹನ್ನೆರಡೂವರೆ. ಇದೂ ಅಲ್ಲ ಅದೂ ಅಲ್ಲ ಅಂತ ಮಲಗಿಬಿಟ್ಟೆ.

ಬೆಳಗ್ಗೆ ಅತ್ತಿಗೆಗೆ ಫೋನ್ ಮಾಡಿದೆ. "ಅತ್ತಿಗೆ, ನೀವು ಶುರು ಮಾಡಿದ್ದು ನವೆಂಬರಲ್ಲೇನಾ?"

"ಇಲ್ವೇ. ಆಗಸ್ಟಲ್ಲಿ, ಹಬ್ಬದ ಹೊತ್ತಿಗೆ. ಮೊದಲ ಮೂರು ತಿಂಗಳು ಅಕ್ಕಪಕ್ಕದೋರಿಗೆ ಅಂತ ಕೊಡ್ತಿದ್ದೆ, ಬರೆದಿಡ್ತಿರ್ಲಿಲ್ಲ. ದೀಪಾವಳಿ ಆದ್ಮೇಲೆ ನಿಮ್ಮಣ್ಣ ನೋಟ್‌ಬುಕ್ ತಂದುಕೊಟ್ರು."

ಎಕ್ಸ್‌ಪೊನೆನ್ಷಿಯಲ್ ಗೆರೆಗೆ ಎಣಿಕೆ ಎಲ್ಲಿಂದ ಶುರುವಾಯ್ತು ಅನ್ನೋದು ಮುಖ್ಯ ಅಲ್ಲ. ಮೂರು ತಿಂಗಳು ಆಚೆ ತಳ್ಳಿದರೂ ಗೆರೆ ನೇರವಾಗೇ ಇರುತ್ತೆ, ಅನುಪಾತ ಅದೇ ಇರುತ್ತೆ. ಪವರ್ ಲಾಗೆ ಹಾಗಲ್ಲ, ಅದಕ್ಕೆ ಹುಟ್ಟಿದ ದಿನ ಗೊತ್ತಿರಬೇಕು. 1ರಿಂದ 2ಕ್ಕೆ ಹೋಗೋದು ಎರಡು ಪಟ್ಟು. 4ರಿಂದ 5ಕ್ಕೆ ಹೋಗೋದು ಕಾಲು ಭಾಗ ಹೆಚ್ಚು ಅಷ್ಟೇ. ನೋಟ್‌ಬುಕ್ಕಿನ ಮೊದಲ ತಿಂಗಳು ವ್ಯಾಪಾರದ ನಾಲ್ಕನೇ ತಿಂಗಳು. ತಿಂಗಳುಗಳನ್ನ 4ರಿಂದ 10 ಅಂತ ಬದಲಾಯಿಸಿ ಲಾಗ್ ತೆಗೆದೆ: 0.602, 0.699, 0.778, 0.845, 0.903, 0.954, 1. ಚುಕ್ಕಿ ಹಾಕ್ತಾ ಹೋದ ಹಾಗೇ ಗೊತ್ತಾಗ್ತಿತ್ತು. ಸ್ಕೇಲ್ ಇಟ್ಟೆ. ಏಳೂ ಚುಕ್ಕಿ ಒಂದೇ ಗೆರೆಯ ಮೇಲೆ, ಪೆನ್ಸಿಲ್ಲಿನ ದಪ್ಪದೊಳಗೆ.

ಕೆಜಿಯ ಲಾಗ್ = 0.699 + 1.5 × ತಿಂಗಳಿನ ಲಾಗ್. ಲಾಗ್ ಬಿಡಿಸಿ ಹೇಳೋದಾದರೆ 0.699 ಅನ್ನೋದು 5ರ ಲಾಗ್. ಹಾಗಾಗಿ 5ನ್ನು ತಿಂಗಳಿನ ಒಂದೂವರೆ ಘಾತದಿಂದ ಗುಣಿಸೋದು. ಹೌದು, ಅದೇ ಒಂದೂವರೆ. ಶನಿಗೂ ನಿಪ್ಪಟ್ಟಿಗೂ ಏನೂ ಸಂಬಂಧ ಇಲ್ಲ, ದಯವಿಟ್ಟು ಜ್ಯೋತಿಷ್ಯದ ಮೆಸೇಜ್ ಕಳಿಸಬೇಡಿ. ಅಲ್ಲಿ ಒಂದೂವರೆಯ ಹಿಂದೆ ಗುರುತ್ವಾಕರ್ಷಣೆ ಇದೆ. ಇಲ್ಲಿ ಇದು ಏಳು ಚುಕ್ಕಿಗಳಿಗೆ ಹೊಂದಿದ ಒಂದು ವರ್ಣನೆ ಮಾತ್ರ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡ್ತೀನಿ. ಗೆರೆ ನೇರ ಆಗೋ ತನಕ ಶುರುವಿನ ತಿಂಗಳನ್ನು ಹಿಂದೆಮುಂದೆ ಜರುಗಿಸ್ತಾ ಕೂತರೆ ಯಾವ ಲೆಕ್ಕವನ್ನಾದರೂ ನೇರ ಮಾಡಬಹುದು. ಅದು ಮೋಸ. ಇಲ್ಲಿ ಮೂರು ತಿಂಗಳು ಸೇರಿಸಿದ್ದು ಗೆರೆಗೆ ಬೇಕು ಅಂತ ಅಲ್ಲ. ಅತ್ತಿಗೆ ನಿಜವಾಗಿ ಆ ಮೂರು ತಿಂಗಳು ಕರಿದಿದ್ದರು.

ಈಗ ಹೊಸ ಗೆರೆಯಲ್ಲಿ ಮುಂದಿನ ವರ್ಷದ ಮೇ, ಅಂದರೆ ವ್ಯಾಪಾರದ 22ನೇ ತಿಂಗಳು: 516 ಕೆಜಿ. ನಾನು ಬ್ಯಾಂಕಿಗೆ ಅಂತ ಬಣ್ಣ ಹಚ್ಚಿ ಕೊಟ್ಟದ್ದು 2,560. ಅದೇ ಏಳು ಸಂಖ್ಯೆಗಳು. ಒಂದು ಕಡೆ ಮಾತ್ರ ಲಾಗ್ ತೆಗೆದರೆ ಒಂದು ಉತ್ತರ, ಎರಡೂ ಕಡೆ ತೆಗೆದರೆ ಅದರ ಐದನೇ ಒಂದು ಭಾಗ.

ದುಡ್ಡಿಗೆ ತಿರುಗಿಸಿದೆ. ಅಕ್ಕಿ, ಎಣ್ಣೆ, ಗ್ಯಾಸ್ ಎಲ್ಲ ಕಳೆದು ಅತ್ತಿಗೆಗೆ ಕೆಜಿಗೆ ಉಳಿಯೋದು ಸುಮಾರು 70 ರೂಪಾಯಿ. 15 ಲಕ್ಷಕ್ಕೆ ಶೇ 11ರಂತೆ ಐದು ವರ್ಷಕ್ಕೆ ಇಎಂಐ 32,600 ರೂಪಾಯಿ ಚಿಲ್ಲರೆ. ನನ್ನ ಮೊದಲ ಗ್ರಾಫಿನ ಪ್ರಕಾರ ಮುಂದಿನ ಮೇಗೆ ತಿಂಗಳಿಗೆ ಉಳಿಯೋದು 1,79,000. ಎರಡನೆಯದರ ಪ್ರಕಾರ 36,000. ಅದರಲ್ಲಿ ಇಎಂಐ ಕಟ್ಟಿದರೆ ಅಂಗಡಿ ಬಾಡಿಗೆಗೇ ಇಲ್ಲ. ಅದೂ ಕೊನೆಯ ತಿಂಗಳಿನ ಲೆಕ್ಕ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಇಎಂಐಯೇ ಪೂರ್ತಿ ಹುಟ್ಟಲ್ಲ. ಆ ತಿಂಗಳುಗಳನ್ನ ತುಂಬಿಸೋದು ಅಣ್ಣನ ಸಂಬಳ. ಸಂಬಳ ತಪ್ಪಿದರೆ ಅಮ್ಮನ ಸೈಟು.

ಅಣ್ಣನಿಗೆ ಹೇಳೋದು ಸುಲಭ ಇರಲಿಲ್ಲ. ಸೈಟಿನ ಪತ್ರಗಳ ಜೆರಾಕ್ಸ್ ಆಗಿತ್ತು. ಅಂಗಡಿಯವರಿಗೆ ಮಾತು ಕೊಟ್ಟಾಗಿತ್ತು.

"ನೀನೇ ತಾನೇ 0.98 ಅಂದಿದ್ದು? ನೂರಕ್ಕೆ ತೊಂಬತ್ತೆಂಟು ಅಂದಹಾಗೆ ಅಲ್ವಾ?"

"ಅಲ್ಲ ಅಣ್ಣ. ಅದು ಮಾರ್ಕ್ಸ್ ಅಲ್ಲ."

"ಹಾಗಾದ್ರೆ ಇದು ಎಷ್ಟು, ನಿನ್ನ ಹೊಸದು?"

"0.99ರ ಮೇಲೆ."

"ಅಲ್ಲಿಗೆ ವ್ಯತ್ಯಾಸ ಒಂದು ಪರ್ಸೆಂಟು! ಅದಕ್ಕೆ ಐದು ಪಟ್ಟು ಕಮ್ಮಿ ಮಾಡ್ತಿದೀಯ?"

ನಿಜ ಹೇಳಬೇಕಂದ್ರೆ ಅದು ಒಳ್ಳೆಯ ಪ್ರಶ್ನೆ. ಇರೋ ಚುಕ್ಕಿಗಳ ಮಧ್ಯೆ ಎರಡೂ ಗೆರೆ ಹೆಚ್ಚುಕಡಿಮೆ ಒಂದೇ. ನವೆಂಬರಿನಿಂದ ಮೇ ತನಕ ಯಾವುದನ್ನ ಇಟ್ಟುಕೊಂಡರೂ ನಷ್ಟ ಇಲ್ಲ. ಬೇರೆಯಾಗೋದು ಚುಕ್ಕಿ ಮುಗಿದ ಮೇಲೆ, ಹಾಳೆಯ ಖಾಲಿ ಜಾಗದಲ್ಲಿ. ಸಾಲ ತಗೊಳ್ಳೋದು ಯಾವಾಗಲೂ ಆ ಖಾಲಿ ಜಾಗದ ಮೇಲೆ. ಫೋನಿನಲ್ಲಿ ಇದನ್ನ ಹೇಳೋಕೆ ಬರಲಿಲ್ಲ. ಶನಿವಾರ ಬೆಳಗಿನ ರೈಲು ಹತ್ತಿ, ಗ್ರಾಫ್ ಶೀಟ್ ಸುರುಳಿ ಸುತ್ತಿಕೊಂಡು ಹಾಸನಕ್ಕೆ ಹೋದೆ.

ಅಣ್ಣನ ಮುಂದೆ ಎರಡು ಹಾಳೆ ಹರಡಿ ಅವನ ಕೈಗೇ ಸ್ಕೇಲ್ ಕೊಟ್ಟೆ. ಅವನು ಇಂಜಿನಿಯರೇನಲ್ಲ, ಆದರೆ ಮನೆ ಕಟ್ಟಿಸಿದ್ದಾನೆ. ನೂಲು ಹಿಡಿದು ಗೋಡೆ ನೋಡಿದ್ದಾನೆ. ಮೊದಲ ಹಾಳೆಯಲ್ಲಿ ಸ್ಕೇಲ್ ಇಟ್ಟು ಎರಡು ಸಲ ಸರಿಪಡಿಸಿದ. "ಹೊಟ್ಟೆ ಬಂದಿದೆ" ಅಂದ. ಎರಡನೆಯದರಲ್ಲಿ ಇಟ್ಟು ಸುಮ್ಮನಾದ.

ಆದರೂ ಕೇಳಿದ. "ಗಿರಾಕಿಗಳು ಇನ್ನಷ್ಟು ಗಿರಾಕಿಗಳನ್ನ ತರ್ತಾರೆ ತಾನೇ? ಅದು ಚಕ್ರಬಡ್ಡಿ ಥರಾನೇ ಅಲ್ವಾ?"

ಉತ್ತರ ಕೊಟ್ಟಿದ್ದು ಅತ್ತಿಗೆ. "ಮೊದಲು ಹಾಗೇ ಇತ್ತು. ಈಗ ನಮ್ಮ ಬೀದಿಯೋರು ಕರ್ಕೊಂಡು ಬರೋರೂ ನಮ್ಮ ಬೀದಿಯೋರೇ. ಅವರಿಗೆ ಆಗ್ಲೇ ಕೊಡ್ತಿದೀನಿ."

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ದೇಶದ ಜನಗಣತಿಗೆ ಲಾಗ್ ತೆಗೆದು ನೋಡಿದ್ದೀರಾ? 1951ರಲ್ಲಿ 36.1 ಕೋಟಿ, ಆಮೇಲೆ ಹತ್ತತ್ತು ವರ್ಷಕ್ಕೆ 43.9, 54.8, 68.3, 84.6, 102.9, 2011ರಲ್ಲಿ 121.1 ಕೋಟಿ. ಮಾಮೂಲಿ ಗ್ರಾಫಿನಲ್ಲಿ ಏರಿದ್ದೇ ಏರಿದ್ದು, ನಿಲ್ಲೋ ಸೂಚನೆಯೇ ಇಲ್ಲ. ಲಾಗ್ ತೆಗೆದು ಪ್ರತಿ ದಶಕದ ಹೆಜ್ಜೆ ಅಳೆದರೆ: 0.085, 0.096, 0.096, 0.093, 0.085, 0.071. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಹೆಜ್ಜೆ ಒಂದೇ ಸಮ ಇತ್ತು, ಅದು ಅಸಲಿ ಎಕ್ಸ್‌ಪೊನೆನ್ಷಿಯಲ್. 2ರ ಲಾಗ್ 0.301ನ್ನು ಆ 0.096ರಿಂದ ಭಾಗಿಸಿದರೆ ಮೂರು ಚಿಲ್ಲರೆ ದಶಕ, ಅಂದರೆ ಸುಮಾರು 31 ವರ್ಷಕ್ಕೆ ಜನ ಎರಡು ಪಟ್ಟಾಗುವ ವೇಗ. 1981ರಲ್ಲಿ ನಿಂತು ಸ್ಕೇಲ್ ಇಟ್ಟು ಮುಂದಕ್ಕೆ ಎಳೆದಿದ್ದರೆ 2011ಕ್ಕೆ 130 ಕೋಟಿ ದಾಟುತ್ತಿತ್ತು. ಆದರೆ ಗೆರೆ ಆಗಲೇ ಬಾಗೋಕೆ ಶುರುವಾಗಿತ್ತು. ಕೊನೆಯ ದಶಕದ ಹೆಜ್ಜೆಯಲ್ಲಿ ಎರಡು ಪಟ್ಟಾಗೋಕೆ 40 ವರ್ಷಕ್ಕೂ ಹೆಚ್ಚು ಬೇಕು. ಮಾಮೂಲಿ ಗ್ರಾಫಿನಲ್ಲಿ ಕಣ್ಣಿಗೆ ಬೀಳದ ಆ ಬಾಗು ಲಾಗ್ ಹಾಳೆಯಲ್ಲಿ 1991ಕ್ಕೇ ಕಾಣೋಕೆ ಶುರುವಾಗುತ್ತೆ. ಕೊರೊನಾ ಕಾಲದಲ್ಲಿ ಟಿವಿಯಲ್ಲಿ 100, 1,000, 10,000 ಅಂತ ಸಮ ಅಂತರದಲ್ಲಿ ಬರೆದ ಗ್ರಾಫ್ ತೋರಿಸ್ತಿದ್ದರಲ್ಲ, ಅದೂ ಇದಕ್ಕೇ. ಎಷ್ಟು ಏರಿದೆ ಅನ್ನೋದಕ್ಕಿಂತ ಏರೋ ಗೆರೆ ಬಾಗ್ತಾ ಇದೆಯಾ ಅಂತ ನೋಡೋಕೆ.

ನೀವು ಮಾಡಿ ನೋಡ್ತೀರಾದರೆ ನನ್ನ ಅನುಭವದ ಎರಡು ಮಾತು. ಸೊನ್ನೆಗೆ ಲಾಗ್ ಇಲ್ಲ. ಒಂದು ತಿಂಗಳು ವ್ಯಾಪಾರ ಸೊನ್ನೆ ಇದ್ದರೆ ಸ್ಪ್ರೆಡ್‌ಶೀಟ್ ಮುಖ ಸಿಂಡರಿಸುತ್ತೆ, ಅಲ್ಲಿ ಸುಮ್ಮನೆ 1 ಅಂತ ತುಂಬಿ ಮುಂದೆ ಹೋಗಬೇಡಿ, ಅದೊಂದೇ ಚುಕ್ಕಿ ಗೆರೆಯನ್ನ ಕೆಳಕ್ಕೆ ಎಳೆದು ಹಾಳು ಮಾಡುತ್ತೆ. ಇನ್ನೊಂದು ಸೂಕ್ಷ್ಮ: ಲಾಗ್ ಕಣ್ಣಿಗೆ ಕಾಣೋದು ಶೇಕಡಾ ಮಾತ್ರ. 40 ಕೆಜಿಯಲ್ಲಿ 4 ಕೆಜಿ ತಪ್ಪಾದರೂ, 400 ಕೆಜಿಯಲ್ಲಿ 40 ಕೆಜಿ ತಪ್ಪಾದರೂ ಅದಕ್ಕೆ ಒಂದೇ. ಹಾಗಾಗಿ ಶುರುವಿನ ಚಿಲ್ಲರೆ ತಿಂಗಳುಗಳು ಗೆರೆಯನ್ನ ಹಿಡಿದು ಆಡಿಸ್ತವೆ. ನಿಮ್ಮ ಜೇಬಿಗೆ ಮುಖ್ಯ ಆಗೋದು ದೊಡ್ಡ ತಿಂಗಳುಗಳಾದರೆ, ಲಾಗ್ ಬಿಡಿಸಿ ಮತ್ತೆ ಕೆಜಿಗೆ ತಂದು, ಕೊನೆಯ ಎರಡು ಮೂರು ಚುಕ್ಕಿಯನ್ನ ಗೆರೆ ಮುಟ್ಟುತ್ತಾ ಅಂತ ನೋಡಲೇಬೇಕು. ಇದನ್ನ ಮೊದಲೇ ಮಾಡಿದ್ದರೆ ನನಗೆ 170 ಮತ್ತು 158 ಬಸ್ಸಿನಲ್ಲೇ ಕಾಣ್ತಿತ್ತು.

ಮತ್ತೆ, ಏಳು ತಿಂಗಳ ಲೆಕ್ಕ ಹಿಡಿದು ಹನ್ನೆರಡು ತಿಂಗಳು ಮುಂದಕ್ಕೆ ನೋಡೋದೇ ಅತಿಯಾಸೆ. 516 ಅನ್ನೋದನ್ನೂ ನಾನು ದೇವರ ಪ್ರಸಾದ ಅಂತ ಕೊಟ್ಟಿಲ್ಲ. ಅದನ್ನ ಅಣ್ಣನಿಗೂ ಹೇಳಿದೆ.

ಕೊನೆಗೆ ಅಂಗಡಿ ಬಿಟ್ಟರು. ಅಂಗಡಿಯವರು ಸ್ವಲ್ಪ ದಿನ ಮುಖ ತಿರುಗಿಸಿಕೊಂಡು ಓಡಾಡಿದರು. ಮನೆ ಮುಂದಿನ ಗ್ಯಾರೇಜಿಗೆ ಟೈಲ್ಸ್ ಹಾಕಿಸಿ, ಸೆಕೆಂಡ್‌ಹ್ಯಾಂಡ್ ಹಿಟ್ಟು ಕಲಸೋ ಮೆಷಿನ್ ಮತ್ತು ತಟ್ಟೋ ಮೆಷಿನ್ ತಂದರು. ಸಾಲ 3 ಲಕ್ಷ, ಇಎಂಐ ಆರೂವರೆ ಸಾವಿರ. ಅತ್ತಿಗೆಗೆ ಒಬ್ಬರು ಸಹಾಯಕ್ಕೆ ಬರ್ತಾರೆ. ಸೈಟಿನ ಪತ್ರ ಬೀರುವಿನಲ್ಲೇ ಇದೆ. ಅಣ್ಣ ಒಂದು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಅದನ್ನೂ ಹೇಳಿಬಿಡಬೇಕು. ಅವನ ಅಂಗಡಿಯ ಕನಸಿಗೆ ಬಣ್ಣ ಹಚ್ಚಿದ್ದೂ ನಾನೇ, ಒರೆಸಿದ್ದೂ ನಾನೇ.

ಸೆಪ್ಟೆಂಬರ್ ಮುಗಿದಾಗ ಅತ್ತಿಗೆ ನೋಟ್‌ಬುಕ್ಕಿನ ಫೋಟೋ ಕಳಿಸಿದರು, ವ್ಯಾಪಾರದ 14ನೇ ತಿಂಗಳು. 248 ಕೆಜಿ. ಹೊಸ ಗೆರೆ ಹೇಳಿದ್ದು 262, ಹಳೆಯದು 421. ಆಗಸ್ಟಿನ ಚುಕ್ಕಿ ಮಾತ್ರ ಎರಡೂ ಗೆರೆ ಬಿಟ್ಟು ಎಲ್ಲೋ ನಿಂತಿತ್ತು, ಗಣೇಶನ ಹಬ್ಬದ ವ್ಯಾಪಾರ. ಅದನ್ನ ಏನು ಮಾಡೋದು ಅಂತ ನಾನು ಯೋಚಿಸ್ತಾ ಇರುವಾಗಲೇ ಇನ್ನೊಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಮೆಷಿನ್ ಗಡಗಡ.

"ಪುಟ್ಟಿ, ಮುಂದಿನ ತಿಂಗಳು ದೀಪಾವಳಿ. ಈಗ್ಲೇ ಮುನ್ನೂರು ಕೆಜಿ ಆರ್ಡರ್ ಆಗಿದೆ. ಅದನ್ನ ನೋಡಿ ಮತ್ತೆ ಗೆರೆಗಿರೆ ಎಳೆದು ನಿಮ್ಮಣ್ಣನಿಗೆ ಕಳಿಸ್ಬೇಡ ಆಯ್ತಾ? ಹಬ್ಬದ ಲೆಕ್ಕ ಬೇರೆ ಪುಟದಲ್ಲಿ ಬರೀತಿದೀನಿ."